ನೂರ ನಲವತ್ತಮೂರಕ್ಕೆ ನೂರ ನಲವತ್ತಮೂರು

ತಕ್ಕಡಿ ಸಾಹೇಬರು ಓಟಗಾರರಾದದ್ದು ಅವರ ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದದ್ದಕ್ಕೆಲ್ಲ ಅವರನ್ನೇ ಹೊಣೆ ಮಾಡುವ ಜನ ಇವತ್ತಿಗೂ ಇದ್ದಾರೆ.

ಸಾಹೇಬರು ಎಂದ ಮಾತ್ರಕ್ಕೆ ದೊಡ್ಡ ಅಧಿಕಾರಿ ಎಂದು ತಿಳಿಯಬೇಡಿ. ತೂಕ ಮತ್ತು ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರು. ಅಂಗಡಿಯವರು ತಂದ ತೂಕದ ಕಲ್ಲುಗಳನ್ನು ತಕ್ಕಡಿಗೆ ಹಾಕುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಒಂದು ಗ್ರಾಂ ಕಮ್ಮಿಯಿದ್ದರೂ ನೋಟಿಸು ಬರೆಯುವುದು, ಇಷ್ಟೇ ಅವರ ಕೆಲಸ. ಬೀದಿಯ ಅಂಗಡಿಯವರು ಹೆದರಿಕೆಯಿಂದ ಸಾಹೇಬರೇ ಎಂದರು, ಹೆಸರು ಅಂಟಿಕೊಂಡಿತು. ಇಪ್ಪತ್ತೆರಡು ವರ್ಷ ಅವರ ತಲೆಯಲ್ಲಿ ಕೂತದ್ದು ಒಂದೇ ಮಾತು: ಕಮ್ಮಿ ಅಂದರೆ ಮೋಸ. ಹೆಚ್ಚಾಯಿತು ಎಂದು ದೂರು ಕೊಟ್ಟವರನ್ನು ಅವರು ಕಂಡೇ ಇರಲಿಲ್ಲ. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅವರಿಗೆ ಒಬ್ಬಳೇ ಮಗಳು, ವಯಸ್ಸು ಹದಿಮೂರು. ಅವಳು ಓಟದ ಸಂಘದ ಕಿರಿಯರ ತಂಡದಲ್ಲಿ ಓಡುತ್ತಿದ್ದಳು. ಅಪ್ಪ ಸಂಜೆ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಕೂತು, ಅವಳ ಚಪ್ಪಲಿ ಮತ್ತು ನೀರಿನ ಬಾಟಲಿಯನ್ನು ಕಾಯುತ್ತಿದ್ದರು. ಎರಡು ವರ್ಷದಲ್ಲಿ ಒಂದು ಚಪ್ಪಲಿಯೂ ಕಳೆದುಹೋಗಿರಲಿಲ್ಲ. ಸ್ಪರ್ಧೆಗಳು ಮಾತ್ರ ಶನಿವಾರ, ಅವರಿಗೆ ಕಚೇರಿ ಇರುವ ದಿನ. ಹಾಗಾಗಿ ಒಂದು ಸ್ಪರ್ಧೆಯನ್ನೂ ಅವರು ಕಣ್ಣಾರೆ ನೋಡಿರಲಿಲ್ಲ. ಈ ವರ್ಷ ಮಗಳು ಹಟ ಹಿಡಿದಳು ಎಂದು ಒಂದು ದಿನ ರಜೆ ಹಾಕಿ, ಬಾಟಲಿ ಸಮೇತ ಬಂದರು. ಬಂದ ದಿನವೇ ಸಿಕ್ಕಿಬಿದ್ದರು.

ಅದು ಗುಡ್ಡಗಾಡು ಓಟ. ಹುಲ್ಲು, ಕೆಸರು, ಒಂದು ಸಣ್ಣ ತೊರೆ, ಹಳೆಯ ಇಟ್ಟಿಗೆ ಗೂಡಿನ ಪಕ್ಕದ ಏರು, ಇವನ್ನೆಲ್ಲ ಸುತ್ತಿಬರಬೇಕು. ಮೊದಲು ಕಿರಿಯರು, ಆಮೇಲೆ ಹಿರಿಯರು. ಮೂರು ಶನಿವಾರ ಮೂರು ಓಟ. ಕಿರಿಯರದ್ದೂ ಹಿರಿಯರದ್ದೂ ಕೂಡಿಸಿ ಗೆದ್ದ ಸಂಘಕ್ಕೆ ಒಂದು ಕಪ್. ಆದರೆ ಹಿರಿಯರ ತಂಡದಲ್ಲಿ ಆರು ಜನ ಓಟ ಮುಗಿಸಲೇಬೇಕು. ಒಬ್ಬ ಕಮ್ಮಿಯಾದರೂ ತಂಡವೇ ಇಲ್ಲ, ಕಿರಿಯರು ಓಡಿದ್ದೂ ಲೆಕ್ಕಕ್ಕಿಲ್ಲ. ಆ ಬೆಳಿಗ್ಗೆ ಆರನೆಯವರಾದ ಔಷಧಿ ಅಂಗಡಿಯವರು ಮೇಲಿನ ಕಪಾಟಿನಿಂದ ಕೆಮ್ಮಿನ ಔಷಧಿ ತೆಗೆಯಲು ಹೋಗಿ ಏಣಿಯಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದರು.

ಸಂಘದ ತರಬೇತುದಾರರನ್ನು ಎಲ್ಲರೂ ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಮೈದಾನವನ್ನೆಲ್ಲ ಒಮ್ಮೆ ನೋಡಿದರು. ಎರಡು ಕಾಲು ಇದ್ದು ಕೆಲಸವಿಲ್ಲದೆ ನಿಂತ ಹಿರಿಯರು ಒಬ್ಬರೇ ಕಂಡರು.

"ಸಾಹೇಬ್ರೇ, ನಿಮಗೆ ಓಡೋಕೆ ಬರುತ್ತಾ?"

"ಬಸ್ಸಿಗೆ ಓಡಿದ್ದೀನಿ."

"ಸಿಕ್ತಾ?"

"ಇಲ್ಲ."

"ಪರವಾಗಿಲ್ಲ. ಇಲ್ಲಿ ಬಸ್ಸಿಲ್ಲ. ಮುಗಿಸಿದ್ರೆ ಸಾಕು."

"ನನ್ನ ಕೈಲಾಗಲ್ಲ ಮೇಷ್ಟ್ರೇ. ಮಂಡಿ..."

ಅಷ್ಟರಲ್ಲಿ ಮಗಳು ಓಡಿ ಬಂದಳು. ಅವಳ ಓಟ ಆಗಲೇ ಮುಗಿದಿತ್ತು, ಮೂಗಿನ ತುದಿಯವರೆಗೂ ಕೆಸರು. "ಅಪ್ಪಾ, ನಾವು ಓಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತೆ. ನಡ್ಕೊಂಡಾದ್ರೂ ಹೋಗಪ್ಪಾ." ಮಂಡಿಯ ವಿಷಯ ಅಲ್ಲಿಗೇ ನಿಂತಿತು.

ಔಷಧಿ ಅಂಗಡಿಯವರ ಚಡ್ಡಿ ಬಂತು. ಅದು ಸೊಂಟಕ್ಕೆ ದೊಡ್ಡದು, ತೊಡೆಗೆ ಚಿಕ್ಕದು. ಓಟಕ್ಕೆ ಮುಂಚೆ ಮೇಷ್ಟ್ರು ಹಿರಿಯರನ್ನೆಲ್ಲ ಗುಂಪು ಸೇರಿಸಿ ನಿಯಮ ವಿವರಿಸಿದರು: ಎಷ್ಟನೆಯವರಾಗಿ ಬರುತ್ತೀರೋ ಅಷ್ಟು ಅಂಕ, ಮೊದಲು ಬಂದವನಿಗೆ ಒಂದು, ಹತ್ತನೆಯವನಿಗೆ ಹತ್ತು, ಆರು ಜನರದ್ದು ಕೂಡಿಸಿದಾಗ ಯಾವ ತಂಡದ ಮೊತ್ತ ಕಡಿಮೆಯೋ ಅದು ಗೆದ್ದ ಹಾಗೆ. ಇಷ್ಟನ್ನು ಕೇಳಿಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಹೊತ್ತಿನಲ್ಲಿ ಸಾಹೇಬರು ಮೈದಾನದ ಇನ್ನೊಂದು ಮೂಲೆಯಲ್ಲಿದ್ದರು. ದಾರಿಯನ್ನು ಅಳೆದ ಟೇಪನ್ನು ಕಂಡು ಅವರಿಗೆ ತಡೆಯಲಾಗಿರಲಿಲ್ಲ.

"ಇದಕ್ಕೆ ಮುದ್ರೆ ಎಲ್ಲಿ?" ಎಂದು ಅವರು ಬಾವುಟ ಹಿಡಿದವನನ್ನು ಕೇಳುತ್ತಿದ್ದರು.

"ಯಾವ ಮುದ್ರೆ ಸಾರ್?"

"ಮುದ್ರೆ ಇಲ್ಲದ ಟೇಪಲ್ಲಿ ಐದು ಕಿಲೋಮೀಟರ್ ಅಂತ ಹೇಗ್ರೀ ಹೇಳ್ತೀರಿ? ನಾಲ್ಕೂಮುಕ್ಕಾಲು ಇದ್ರೆ? ಓಡೋರಿಗೆ ಮೋಸ ಅಲ್ವಾ?"

ಮುಂದಿನ ಒಂದು ಗಂಟೆಯಲ್ಲಿ ದಾರಿ ಕಮ್ಮಿಯಿದೆ ಎಂಬ ಅನುಮಾನ ಅವರಿಗೆ ಪೂರ್ತಿ ಹೋಯಿತು. ಅವರು ಕೊನೆಯ ತಿರುವಿಗೆ ಬರುವಾಗ ದಾರಿ ತೋರಿಸುವ ಹುಡುಗರು ಆಗಲೇ ಬಾವುಟಗಳನ್ನು ಕೀಳುತ್ತಿದ್ದರು. ಉಳಿದವರೆಲ್ಲ ಮುಗಿಸಿ ಆಗಿತ್ತು, ಅವರ ಮುಂದೆ ಇದ್ದವರು ಒಬ್ಬರೇ, ನದಿಯ ಆಚೆ ದಡದ ಸಂಘದ ಒಬ್ಬ ದಪ್ಪ ಲಾಯರು. ಲಾಯರು ಕೊನೆಯ ಗೆರೆ ದಾಟಿದರು, ಹಿಂದೆಯೇ ಸಾಹೇಬರೂ ದಾಟಿದರು.

ಫಲಿತಾಂಶದ ಹಾಳೆಯನ್ನು ಮರಕ್ಕೆ ಅಂಟಿಸಿದ್ದರು. ಮೇಲೆ 'ತಂಡದ ಅಂಕ' ಎಂದಿತ್ತು. ಸಾಹೇಬರು ಕನ್ನಡಕ ಒರೆಸಿ ಓದಿದರು. ಬೇಕರಿಯವರು ನಾಲ್ಕು. ಹಲ್ಲಿನ ಡಾಕ್ಟರು ಹನ್ನೊಂದು. ಉಳಿದ ಮೂವರು ಹತ್ತೊಂಬತ್ತು, ಇಪ್ಪತ್ತೇಳು, ಮೂವತ್ತೆಂಟು. ಕೊನೆಯಲ್ಲಿ ತಮ್ಮ ಹೆಸರು, ಎದುರಿಗೆ ನೂರ ನಲವತ್ತಮೂರು. ಹಾಳೆಯ ಕೆಳಗೆ ಬರೆದಿತ್ತು: ಓಡಿದವರು ಒಟ್ಟು ನೂರ ನಲವತ್ತಮೂರು.

ಸಾಹೇಬರು ಮತ್ತೊಮ್ಮೆ ಕನ್ನಡಕ ಒರೆಸಿದರು. ಐವರದ್ದೂ ಕೂಡಿಸಿದರು, ತೊಂಬತ್ತೊಂಬತ್ತು. ತಾವೊಬ್ಬರದ್ದೇ ನೂರ ನಲವತ್ತಮೂರು. ಅದೂ ನೂರ ನಲವತ್ತಮೂರಕ್ಕೆ! ಶಾಲೆಯಲ್ಲಿ ಅವರಿಗೆ ನೂರಕ್ಕೆ ನಲವತ್ತರ ಮೇಲೆ ಬಂದದ್ದು ಒಂದೇ ಸಲ, ಅದೂ ಚಿತ್ರಕಲೆಯಲ್ಲಿ.

"ಮೇಷ್ಟ್ರೇ," ಎಂದರು, "ಇಷ್ಟು ಅಂಕ ನಾನು ಅಂದ್ಕೊಂಡಿರಲಿಲ್ಲ."

ಮೇಷ್ಟ್ರು ಬಾಯಿ ತೆರೆದರು. ಸಾಹೇಬರ ಮುಖ ನೋಡಿ ಮುಚ್ಚಿದರು. "ನಾವೂ ಅಂದ್ಕೊಂಡಿರಲಿಲ್ಲ," ಎಂದರು. "ಮುಂದಿನ ಶನಿವಾರವೂ ಬರ್ತೀರಲ್ಲ?"

"ಬರ್ದೇ ಇರೋಕಾಗುತ್ತಾ? ತಂಡ ಪೂರ್ತಿ ನನ್ನ ಮೇಲೇ ನಿಂತಿದೆಯಲ್ಲ!"

ಮಗಳು ಏನೋ ಹೇಳಲು ಬಂದಳು. ಮೇಷ್ಟ್ರು ಅವಳನ್ನು ವ್ಯಾನಿನ ಹಿಂದಕ್ಕೆ ಕರೆದೊಯ್ದರು. "ಮೂರು ಓಟ ಮುಗಿಯೋವರೆಗೂ ಬಾಯಿ ಬಿಡಬೇಡ. ಔಷಧಿ ಅಂಗಡಿಯವರ ಕಾಲು ಎರಡು ತಿಂಗಳು ಏಳಲ್ಲ. ಸತ್ಯ ಗೊತ್ತಾದ್ರೆ ನಿಮ್ಮಪ್ಪ ನಾಳೆಯಿಂದ ಮಂಡಿ ನೋವು ಅಂತಾರೆ. ಆಮೇಲೆ ಕಪ್ಪೂ ಇಲ್ಲ, ಗಿಪ್ಪೂ ಇಲ್ಲ."

"ಪಾಪ ಮೇಷ್ಟ್ರೇ, ಅಪ್ಪ ಎಲ್ರಿಗೂ ಹೇಳ್ತಾರೆ."

"ಹೇಳ್ಲಿ ಬಿಡು. ಯಾರು ನಂಬ್ತಾರೆ?"

ಸೀಟಿ ಮೇಷ್ಟ್ರಿಗೆ ಓಟದ ವಿಷಯ ಗೊತ್ತಿತ್ತು, ಜನರ ವಿಷಯ ಗೊತ್ತಿರಲಿಲ್ಲ. ಎಲ್ಲರೂ ನಂಬಿದರು.

ಮೊದಲು ನಂಬಿದವರು ಹೆಂಡತಿ. ಅವರು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ.

"ನೂರ ನಲವತ್ತಮೂರಾ? ನಿಮಗಾ? ಬೇಕರಿಯವರಿಗೆಷ್ಟು?"

"ನಾಲ್ಕು."

ಹೆಂಡತಿ ಸೂಜಿ ಬಾಯಿಂದ ತೆಗೆದರು. "ನಾಲ್ಕೇನಾ? ದಿನಾ ಬೆಳಿಗ್ಗೆ ಎದ್ದು ಆಪಾಟಿ ಓಡ್ತಾರಲ್ರೀ."

"ಅದೇ ಕಣೇ ಅವರ ತಪ್ಪು. ಆತುರ. ಗುಂಡು ಹೊಡೆದ ತಕ್ಷಣ ಎದ್ದು ಬಿದ್ದು ಓಡಿದ್ರೆ ಎಷ್ಟು ಬೇಗ ಮುಗಿದುಹೋಗುತ್ತೆ ಹೇಳು? ಅಂಕ ಕೊಡೋಕೆ ಅವರಿಗೂ ಸಮಯ ಬೇಕಲ್ವಾ? ನಾನು ಏರಿನಲ್ಲಿ ನಿಂತೆ, ತೊರೆ ಹತ್ರ ನಿಂತೆ. ಎಲ್ಲ ಕಡೆಯೂ ಒಬ್ಬೊಬ್ಬ ಬರ್ಕೊಳ್ತಾ ಇದ್ದ."

ಗೋಡೆಯ ಕಡೆ ಮುಖ ಮಾಡಿ ಶೂ ಬಿಚ್ಚುತ್ತಿದ್ದ ಮಗಳಿಗೆ ಗಂಟು ಬಹಳ ಹೊತ್ತು ಬಿಚ್ಚಲಾಗಲಿಲ್ಲ.

ದರ್ಜಿಯ ಮನೆಯಲ್ಲಿ ಸುದ್ದಿ ನಿಲ್ಲುವುದಿಲ್ಲ. ಮರುದಿನ ಸಂಜೆಯೊಳಗೆ ತೋಳಿನ ಅಳತೆ ಕೊಡಲು ಬಂದವರಿಗೂ ಜಿಪ್ ಹಾಕಿಸಲು ಬಂದವರಿಗೂ ಗೊತ್ತಾಯಿತು. ಮೂರನೆಯ ದಿನ ಮಹಡಿ ಮನೆಯ ಅಜ್ಜಿ ತಮ್ಮ ಇಬ್ಬರು ಮೊಮ್ಮಕ್ಕಳನ್ನು ಕಿವಿ ಹಿಡಿದು ಕರೆತಂದರು. "ಇವಕ್ಕೆ ನಾಲ್ಕು ಮಾತು ಹೇಳಪ್ಪ. ಮೆಟ್ಟಿಲ ಮೇಲೆ ಕುದುರೆ ಹಾಗೆ ಓಡ್ತವೆ. ನಿಧಾನಕ್ಕೆ ಓಡಿ ಅಂಕ ತಗೊಳ್ಳೋದು ಹೇಗೆ ಅಂತ ಕಲಿಸು." ಸಾಹೇಬರು ಕಲಿಸಿದರು. ಮೆಟ್ಟಿಲು ಕಟ್ಟಿದಂದಿನಿಂದ ಅಷ್ಟು ಶಾಂತವಾಗಿ ಎಂದೂ ಇರಲಿಲ್ಲ.

ಸಾಹೇಬರು ಗೆದ್ದು ಬೀಗುವ ಜನವಲ್ಲ. ಸೋತವರ ಮೇಲೆ ಅವರಿಗೆ ಕನಿಕರ ಜಾಸ್ತಿ. ಸೋಮವಾರ ಬೆಳಿಗ್ಗೆ ಬೇಕರಿಗೆ ಹೋದವರು, ಗಿರಾಕಿಗಳ ಸಾಲಿನ ಎದುರಿಗೇ, ಗಾಜಿನ ಪೆಟ್ಟಿಗೆಯ ಮೇಲಿಂದ ಬಗ್ಗಿ ಬೇಕರಿಯವರ ಭುಜ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ. ನಾಲ್ಕು ಅಂದ್ರೂ ಸೊನ್ನೆ ಅಲ್ಲವಲ್ಲ."

ಬೇಕರಿಯವರು ಇಪ್ಪತ್ತು ವರ್ಷದಿಂದ ಓಡುತ್ತಿದ್ದವರು. ನೂರ ನಲವತ್ತಮೂರು ಜನರಲ್ಲಿ ನಾಲ್ಕನೆಯವರಾಗಿ ಬಂದದ್ದಕ್ಕೆ ಅವರಿಗೆ ಯಾರೂ ಸಮಾಧಾನ ಹೇಳಿರಲಿಲ್ಲ. ಅವರ ಕಿವಿ ಕೆಂಪಾಯಿತು. ಆದರೆ ಮೇಷ್ಟ್ರು ಫೋನು ಮಾಡಿ ತಾಕೀತು ಮಾಡಿದ್ದರು. "ಇಲ್ಲ ಸಾಹೇಬ್ರೇ," ಎಂದು ಹಲ್ಲು ಕಚ್ಚಿಕೊಂಡು ಹೇಳಿದರು, "ಮುಂದಿನ ಸಲ ಪ್ರಯತ್ನ ಪಡ್ತೀನಿ." ಒಂದು ಬನ್ನು ಹೆಚ್ಚಿಗೆ ಕಟ್ಟಿಕೊಟ್ಟರು. ಸಾಹೇಬರು ಅದನ್ನು ಶಿಷ್ಯನ ಕಾಣಿಕೆ ಎಂದು ತಿಳಿದರು.

ಸುದ್ದಿ ಕಚೇರಿಗೂ ಹೋಯಿತು. ಅಲ್ಲಿ ಒಬ್ಬ ದೊಡ್ಡ ಸಾಹೇಬರಿದ್ದರು, ನಿಜವಾದ ಸಾಹೇಬರು, ಹಸಿರು ಶಾಯಿಯಲ್ಲಿ ಬರೆಯುವವರು. ಒಂಬತ್ತು ವರ್ಷದಲ್ಲಿ ಅವರು ತಕ್ಕಡಿ ಸಾಹೇಬರನ್ನು ಒಳಗೆ ಕರೆದದ್ದು ಒಮ್ಮೆ ಮಾತ್ರ, ಅದೂ ಬೇರೆಯವರೆಂದು ತಿಳಿದು. ಈಗ ಕುರ್ಚಿ ತೋರಿಸಿದರು.

"ಒಟ್ಟು ಎಷ್ಟಕ್ಕೆ?"

"ನೂರ ನಲವತ್ತಮೂರಕ್ಕೆ ಸಾರ್."

"ಬಂದದ್ದು?"

"ನೂರ ನಲವತ್ತಮೂರು ಸಾರ್."

"ಒಂದೂ ಕಮ್ಮಿ ಇಲ್ಲ?"

"ಇಲ್ಲ ಸಾರ್."

ದೊಡ್ಡ ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. "ನೋಡ್ರೀ, ಈ ಇಲಾಖೆಗೆ ಬೇಕಾದ್ದೇ ಇದು. ತೂಗಿದ್ದು ತೂಗಿದಷ್ಟೇ ಇರಬೇಕು. ಓಟದ ಶನಿವಾರಗಳಿಗೆ ನಿಮಗೆ ರಜೆ. ಇದನ್ನ ಸುತ್ತೋಲೆ ಮಾಡಿಸ್ತೀನಿ." ಮಾಡಿಸಿದರು. ಸುತ್ತೋಲೆಯ ಪ್ರತಿ ಎಲ್ಲ ವಿಭಾಗಕ್ಕೂ ಹೋಯಿತು. ಲಿಫ್ಟಿನವನೂ ಸಹಿ ಹಾಕಿದ.

ಎರಡನೆಯ ಶನಿವಾರದ ಓಟದಲ್ಲಿ ಓಡಿದವರು ನೂರ ಐವತ್ತೊಂದು ಜನ. ಈ ಸಲ ಸಾಹೇಬರಿಗೆ ಒಂದು ಸೂಕ್ಷ್ಮ ಹೊಳೆದಿತ್ತು: ಕೊನೆಗೆ ಬಂದಷ್ಟೂ ಅಂಕ ಹೆಚ್ಚು. ಆಚೆ ದಡದ ಲಾಯರಿಗೂ ಅದು ಗೊತ್ತಿದೆ ಎಂಬ ಗುಮಾನಿ ಅವರಿಗೆ. ಏರಿನಲ್ಲಿ ಲಾಯರು ಸುಸ್ತಾಗಿ ನಿಂತಾಗ ಇವರೂ ಹಿಂದೆ ನಿಂತರು.

"ನೀವು ಹೋಗಿ," ಎಂದರು ಲಾಯರು, ಏದುಸಿರು ಬಿಡುತ್ತ.

"ಛೇ ಛೇ, ನೀವು ಮೊದಲು."

"ಪರವಾಗಿಲ್ಲ, ಹೋಗಿ ಸ್ವಾಮಿ."

"ಇಲ್ಲ ಇಲ್ಲ, ದೊಡ್ಡವರು ನೀವು."

ಇಷ್ಟು ಮರ್ಯಾದಸ್ಥ ಎದುರಾಳಿಯನ್ನು ತಾವು ಕೋರ್ಟಿನಲ್ಲೂ ಕಂಡಿಲ್ಲ ಎಂದು ಲಾಯರು ಆಮೇಲೆ ಎಲ್ಲರಿಗೂ ಹೇಳಿದರಂತೆ. ಅಂತೂ ಲಾಯರಿಗೆ ನೂರ ಐವತ್ತು, ಸಾಹೇಬರಿಗೆ ನೂರ ಐವತ್ತೊಂದಕ್ಕೆ ನೂರ ಐವತ್ತೊಂದು.

ಆ ರಾತ್ರಿ ಊಟದ ಹೊತ್ತಿಗೆ ಮಾವನವರ ಫೋನು ಬಂತು. ಮಾವನವರು ನಿವೃತ್ತ ಸ್ಟೇಷನ್ ಮಾಸ್ತರು. ಹದಿನಾರು ವರ್ಷದಿಂದ ಅಳಿಯನನ್ನು ಅವರು ಕರೆಯುತ್ತಿದ್ದುದು 'ಲೇಟ್ ಗಾಡಿ' ಎಂದು. ಮದುವೆಯ ದಿನ ಅಳಿಯ ನಲವತ್ತು ನಿಮಿಷ ತಡವಾಗಿ ಬಂದದ್ದನ್ನು ಅವರು ಮರೆತಿರಲಿಲ್ಲ, ಬೇರೆಯವರಿಗೆ ಮರೆಯಲೂ ಬಿಟ್ಟಿರಲಿಲ್ಲ.

"ಅಳಿಯಂದ್ರೇ," ಎಂದರು. ಸಾಹೇಬರು ಎದ್ದು ನಿಂತರು. ಆ ದನಿಯಲ್ಲಿ ಆ ಪದವನ್ನು ಅವರು ಕೇಳಿದ್ದು ಅದೇ ಮೊದಲು. "ನನ್ನ ಮಗಳು ಎಲ್ಲ ಹೇಳಿದ್ಲು. ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಗೂಡ್ಸ್ ಗಾಡಿ ನಿಧಾನಕ್ಕೇ ಹೋಗೋದು, ಆದ್ರೆ ಹೊರೋದು ಅದೇ. ಮುಂದಿನ ಶನಿವಾರ ನಾನೇ ಬರ್ತೀನಿ, ಕಣ್ಣಾರೆ ನೋಡ್ಬೇಕು."

ಸಾಹೇಬರ ಕಣ್ಣು ಒದ್ದೆಯಾಯಿತು. ಎದುರಿಗೆ ಕೂತಿದ್ದ ಮಗಳು ತಟ್ಟೆಯಲ್ಲಿ ಕೈ ಆಡಿಸುತ್ತಿದ್ದಳು. ಅವಳಿಗೆ ಕಪ್ ಬೇಕಿತ್ತು, ಬಹಳ ಬೇಕಿತ್ತು. ಅಪ್ಪನ ಮುಖ ಹೀಗೆ ಹೊಳೆಯುವುದೂ ಬೇಕಿತ್ತು. ಎರಡೂ ಒಟ್ಟಿಗೆ ಎಷ್ಟು ದಿನ ನಿಲ್ಲುತ್ತವೆ ಎಂದು ಅವಳಿಗೆ ಭಯವಾಗಿತ್ತು.

ಮೂರನೆಯ ಶನಿವಾರಕ್ಕೆ ನೂರ ಅರವತ್ತು ಜನ ಹೆಸರು ಕೊಟ್ಟಿದ್ದಾರೆಂದು ಗೊತ್ತಾದ ಕೂಡಲೇ ದೊಡ್ಡ ಸಾಹೇಬರು ಬ್ಯಾನರು ಬರೆಸಿದರು: 'ನೂರ ಅರವತ್ತಕ್ಕೆ ನೂರ ಅರವತ್ತು! ತೂಕ ಮತ್ತು ಅಳತೆ ಕಚೇರಿಯ ಹೆಮ್ಮೆ.' ಕಚೇರಿಯ ವ್ಯಾನಿನಲ್ಲಿ ಹನ್ನೆರಡು ಜನ ಬಂದರು. ಮಹಡಿ ಮನೆಯ ಅಜ್ಜಿ ಮಡಚುವ ಕುರ್ಚಿ ತಂದರು. ಮಾವನವರು ಕೈಯಲ್ಲಿ ಹಳೆಯ ಗಡಿಯಾರ ಹಿಡಿದು ಬಂದು, ಕೊನೆಯ ಗೆರೆಯ ಪಕ್ಕದಲ್ಲೇ ಜಾಗ ಹಿಡಿದರು. ನಿಧಾನ ಓಟದ ತತ್ವವನ್ನು ಸಾಹೇಬರು ಅವರೆಲ್ಲರಿಗೂ ಮೊದಲೇ ತಿಳಿಸಿದ್ದರು.

ಕಿರಿಯರ ಓಟದಲ್ಲಿ ಮಗಳು ಎರಡನೆಯವಳಾಗಿ ಬಂದಳು. ಹೆಂಡತಿ ಕೇಳಿದರು, "ಎರಡೇನಾ?" ಅಜ್ಜಿ ಅವಳ ತಲೆ ಸವರಿದರು. "ಇರಲಿ ಬಿಡು ಮಗು. ಅಪ್ಪನ ಹಾಗೆ ಎಲ್ಲರಿಗೂ ಬರಲ್ಲ."

ಹಿರಿಯರ ಓಟ ಶುರುವಾಯಿತು. ಬೇಕರಿಯವರು ಸಿಟ್ಟಿನಿಂದ ಓಡಿ ಮೂರನೆಯವರಾದರು. ಹಲ್ಲಿನ ಡಾಕ್ಟರು ಬಂದರು, ಉಳಿದ ಮೂವರೂ ಬಂದರು. ಆಚೆ ದಡದ ಸಂಘದ ಐವರೂ ಬಂದರು. ಸೀಟಿ ಮೇಷ್ಟ್ರು ಅಂಗೈ ಮೇಲೆ ಪೆನ್ನಿನಿಂದ ಕೂಡಿಸುತ್ತ ಹೋದರು. ಮೂರು ವಾರದ ಕಿರಿಯರದ್ದು, ಹಿರಿಯರದ್ದು ಎಲ್ಲ ಕೂಡಿಸಿ ಮೊಣಕೈ ತನಕ ಬರೆದರು. ಬರೆದು ಮುಗಿದಾಗ ಅವರ ಸೀಟಿ ಬಾಯಿಂದ ಕೆಳಗೆ ಬಿತ್ತು.

"ಸಮ ಇದೆ," ಎಂದರು. "ಎರಡೂ ಸಂಘ ಸಮ. ಇನ್ನು ಉಳಿದಿರೋದು ಅವರ ಲಾಯರು, ನಮ್ಮ ಸಾಹೇಬರು. ಯಾರು ಮುಂದೆ ಬರ್ತಾರೋ ಅವರಿಗೆ ನೂರ ಐವತ್ತೊಂಬತ್ತು, ಹಿಂದಿನವರಿಗೆ ನೂರ ಅರವತ್ತು. ಒಂದೇ ಒಂದು ಅಂಕ. ಅದಕ್ಕೇ ಕಪ್."

"ಅಪ್ಪ ಬೇಕಂತಲೇ ಹಿಂದೆ ಬರ್ತಾರೆ," ಎಂದಳು ಮಗಳು.

ಮೇಷ್ಟ್ರಿಗೆ ಅದು ಆಗ ಹೊಳೆಯಿತು. ತಾವು ತೋಡಿದ ಗುಂಡಿಗೆ ಸಂಘವೇ ಬೀಳುವುದನ್ನು ಅವರು ನೋಡುತ್ತ ನಿಂತರು. ಮಗಳು ನಿಲ್ಲಲಿಲ್ಲ. ಹಗ್ಗದ ಆಚೆ, ಇಟ್ಟಿಗೆ ಗೂಡಿನ ಕಡೆಗೆ ಓಡಿದಳು.

ಗೂಡಿನ ತಿರುವಿನಲ್ಲಿ ಲಾಯರು ಮುಂದೆ, ಇಪ್ಪತ್ತು ಹೆಜ್ಜೆ ಹಿಂದೆ ಸಾಹೇಬರು. ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಎಡಬಲದ ಹುಲ್ಲನ್ನು ನೋಡುತ್ತ, ಸಂಜೆಯ ತಿರುಗಾಟಕ್ಕೆ ಹೊರಟವರ ಗತ್ತಿನಲ್ಲಿ ಬರುತ್ತಿದ್ದರು.

"ಅಪ್ಪಾ, ಓಡು!"

"ತಾಳು ಮಗಳೇ, ಆತುರ ಬೇಡ. ಇವತ್ತು ನೂರ ಅರವತ್ತು."

"ಅಪ್ಪಾ, ಕಮ್ಮಿ ಬಂದೋರೇ ಗೆಲ್ಲೋದು! ನಾಲ್ಕು ಅಂದ್ರೆ ನಾಲ್ಕನೆಯವರು. ನೂರ ನಲವತ್ತಮೂರು ಅಂದ್ರೆ..." ಅವಳಿಗೆ ಅಳು ಬಂತು. "ಅಂದ್ರೆ ಕಡೆಯವರು ಅಪ್ಪಾ. ಮೊದಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಈಗ ನೀನು ಲಾಯರನ್ನ ದಾಟಿದ್ರೆ ಕಪ್ ನಮ್ದು. ಇಲ್ಲಾಂದ್ರೆ ಅವರದ್ದು."

ಸಾಹೇಬರು ನಿಂತುಬಿಟ್ಟರು. ಬೇಕರಿಯ ಸಾಲು, ತಟ್ಟಿದ ಭುಜ, ಹೆಚ್ಚಿಗೆ ಕೊಟ್ಟ ಬನ್ನು, ಲಿಫ್ಟಿನವನ ಸಹಿ, ಎಲ್ಲ ಒಂದರ ಹಿಂದೆ ಒಂದು ನೆನಪಾದವು. ನೂರು ಗಜ ದೂರದಲ್ಲಿ ಬ್ಯಾನರು ಕಾಣುತ್ತಿತ್ತು. ಅದರ ಕೆಳಗೆ ಕಚೇರಿ ಒಕ್ಕೊರಲಿನಿಂದ ಕೂಗುತ್ತಿತ್ತು: "ನಿಧಾನ ಸಾರ್! ನಿಧಾನ!" ಎಲ್ಲರಿಗಿಂತ ಮೇಲೆ ಮಾವನವರ ಗಂಟಲು. "ಹಾಗೇ ಬನ್ನಿ ಅಳಿಯಂದ್ರೇ! ಆತುರ ಬೇಡ!"

ಹಿಂದೆ ಉಳಿದರೆ ಮಾವನವರು ಇದ್ದಾರೆ, ಬ್ಯಾನರಿದೆ, ಒಂಬತ್ತು ವರ್ಷಕ್ಕೊಮ್ಮೆ ಸಿಗುವ ಕುರ್ಚಿಯಿದೆ. ಮುಂದೆ ಹೋದರೆ ಮೂಗಿನ ತುದಿಯವರೆಗೂ ಕೆಸರು ಮೆತ್ತಿಕೊಂಡ ಒಬ್ಬ ಹುಡುಗಿ.

"ಬಾಟಲಿ ಹಿಡ್ಕೋ," ಎಂದರು ಸಾಹೇಬರು. ಅಭ್ಯಾಸ ಬಲದಿಂದ ಅವರು ಅದನ್ನು ಓಟದಲ್ಲೂ ತಂದಿದ್ದರು.

ಆಮೇಲೆ ಅವರು ಓಡಿದರು. ಅದನ್ನು ಓಟ ಎನ್ನಬಹುದೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಔಷಧಿ ಅಂಗಡಿಯವರ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದಿದ್ದರು, ಇನ್ನೊಂದು ಕೈ ಗಾಳಿಯಲ್ಲಿತ್ತು, ಕನ್ನಡಕ ಮೊದಲ ಹತ್ತು ಹೆಜ್ಜೆಯಲ್ಲೇ ಬಿದ್ದುಹೋಯಿತು. ಆದರೆ ಇಪ್ಪತ್ತು ಹೆಜ್ಜೆ ಹತ್ತಾಯಿತು, ಹತ್ತು ಐದಾಯಿತು. ಹಿಂದಿನಿಂದ ಸದ್ದು ಕೇಳಿ ಲಾಯರು ತಿರುಗಿ ನೋಡಿದರು.

"ಏನ್ ಸ್ವಾಮಿ ಇದು? ನೀವಾ?"

"ಕ್ಷಮಿಸಿ," ಎಂದು ಸಾಹೇಬರು ಅವರನ್ನು ದಾಟಿದರು.

ಕಚೇರಿಯ ಕೂಗು ಒಮ್ಮೆಲೇ ನಿಂತಿತು. "ಅಯ್ಯೋ, ಬೇಡ ಸಾರ್!" ಎಂದು ಯಾರೋ ಚೀರಿದರು. ಅಜ್ಜಿ ಕುರ್ಚಿಯಿಂದ ಎದ್ದು, "ಹಿಡೀರಪ್ಪಾ ಯಾರಾದ್ರೂ, ಹುಚ್ಚು ಹಿಡೀತು!" ಎಂದರು. ಮಾವನವರು ಗಡಿಯಾರ ಮುಚ್ಚಿ ಜೇಬಿಗಿಟ್ಟರು. ಲಾಯರು ಕೊನೆಯ ಹತ್ತು ಗಜದಲ್ಲಿ ಹಲ್ಲು ಕಚ್ಚಿ ಪ್ರಯತ್ನಪಟ್ಟರು, ಆದರೆ ಸಾಹೇಬರು ಗೆರೆಯ ಮೇಲೆ ಬೋರಲು ಬಿದ್ದಾಗ ಲಾಯರ ಹೊಟ್ಟೆ ಇನ್ನೂ ಒಂದು ಗೇಣು ಹಿಂದಿತ್ತು. ಬೀಳುವ ಹೊತ್ತಿಗೆ ಸಾಹೇಬರ ತಲೆಯ ಮೇಲೆ ಬ್ಯಾನರೂ ಕಳಚಿ ಬಿತ್ತು. ಕಟ್ಟಿದ್ದ ಹಗ್ಗವನ್ನು ದೊಡ್ಡ ಸಾಹೇಬರೇ ಬಿಚ್ಚಿದ್ದರು.

ಬ್ಯಾನರಿನ ಒಂದು ಕಡೆ ಶೋಕ, ಇನ್ನೊಂದು ಕಡೆ ಕುಣಿತ. ಬೇಕರಿಯವರು ಸಾಹೇಬರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಕಿರಿಯರ ತಂಡದ ಮಕ್ಕಳೆಲ್ಲ ಅವರ ಸುತ್ತ ಕಿರುಚುತ್ತ ಸುತ್ತಿದರು. ಮಗಳು ಅಪ್ಪನ ಒಂದು ಶೂ ಹಿಡಿದುಕೊಂಡು ನಗುತ್ತಲೂ ಅಳುತ್ತಲೂ ಇದ್ದಳು. ಇಡೀ ಸರಣಿಯನ್ನು ಒಂದು ಅಂಕದಿಂದ ಗೆದ್ದಿದ್ದರು.

ಕಚೇರಿಯವರಿಗೆ ಇದು ಅರ್ಥವಾಗಲಿಲ್ಲ. ಸೋತವರನ್ನು ಸಮಾಧಾನ ಮಾಡುವ ಈ ಸಂಘದ ದೊಡ್ಡತನವನ್ನು ಮೆಚ್ಚಿ ಅವರು ವ್ಯಾನು ಹತ್ತಿದರು. "ನಂಗೆ ಗೊತ್ತಿತ್ತು," ಎಂದರು ಮಾವನವರು ತಮ್ಮ ಮಗಳಿಗೆ. "ಹದಿನಾರು ವರ್ಷ ಲೇಟಾಗಿ ಬಂದೋರು, ಲೇಟಾಗಿ ಬರಬೇಕಾದ ದಿನ ಬೇಗ ಬಂದ್ರು."

ಮನೆಗೆ ಹೋಗುವ ದಾರಿಯಲ್ಲಿ ಮಗಳು ಪಿಸುಗುಟ್ಟಿದಳು, "ತಾತನಿಗೆ ನಿಜ ಹೇಳಿಬಿಡು ಅಪ್ಪಾ."

"ಹೇಳಿದ್ರೆ ಮೊದಲೆರಡು ಸಲವೂ ನಾನೇ ಕಡೆಯವನು ಅಂತ ಅವರು ಹೊಸದಾಗಿ ಬೈಯೋಕೆ ಶುರು ಮಾಡ್ಬೇಕು. ಪಾಪ, ವಯಸ್ಸಾಗಿದೆ. ಹಳೇ ಬೈಗುಳವೇ ಇರಲಿ, ಅವರಿಗೆ ಬಾಯಿಪಾಠ ಇದೆ."

ಮರುದಿನ ಬೆಳಿಗ್ಗೆ ಮಾವನವರು ಅಳಿಯನ ಜೊತೆ ಬೇಕರಿಗೆ ಹೋದರು. ಸಾಹೇಬರು ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮಾವನವರು ತಗ್ಗಿಸಲಿಲ್ಲ. ಮನೆಯೊಳಗೆ ಎಷ್ಟೇ ಬೈದರೂ ಬೀದಿಯಲ್ಲಿ ಅಳಿಯ ಅಳಿಯನೇ. "ನೀವಾ ಆ ಮೂರು ಅಂಕದವರು?" ಎಂದು ಬೇಕರಿಯವರನ್ನು ಕೇಳಿದರು. "ನಮ್ಮವರಿಗೆ ನೂರ ಐವತ್ತೊಂಬತ್ತು. ಅದೂ ಕೊನೆಯಲ್ಲಿ ಎಡವಟ್ಟು ಮಾಡ್ಕೊಂಡು."

ಬೇಕರಿಯವರು ಸಾಹೇಬರ ಕಡೆ ನೋಡಿದರು. ಸಾಹೇಬರು ನೆಲ ನೋಡಿದರು. "ನಿಮ್ಮ ಅಳಿಯಂದಿರ ಮಟ್ಟಕ್ಕೆ ನಾವು ಬರೋಕಾಗುತ್ತಾ ಯಜಮಾನ್ರೇ," ಎಂದು ಬೇಕರಿಯವರು ಎರಡು ಬನ್ನು ಹೆಚ್ಚಿಗೆ ಕಟ್ಟಿದರು. ಈ ಸಲ ಹಲ್ಲು ಕಚ್ಚಿರಲಿಲ್ಲ.

ಸೋಮವಾರ ಸಾಹೇಬರ ಮೇಜಿನ ಮೇಲೆ ಒಂದು ಮೆಮೊ ಕೂತಿತ್ತು. 'ಇಲಾಖೆಯ ಸಿಬ್ಬಂದಿಯ ಸಮಕ್ಷಮದಲ್ಲಿ ತಾವು ನೂರ ಅರವತ್ತಕ್ಕೆ ನೂರ ಐವತ್ತೊಂಬತ್ತು ಅಂಕ ಮಾತ್ರ ಗಳಿಸಿದ್ದು, ಒಂದು ಅಂಕ ಕಡಿಮೆ ಕಂಡುಬಂದಿರುತ್ತದೆ. ಸದರಿ ಅಂಕ ಎಲ್ಲಿ ಹೋಯಿತೆಂಬುದಕ್ಕೆ ಮೂರು ದಿನಗಳೊಳಗೆ ವಿವರಣೆ ನೀಡತಕ್ಕದ್ದು.' ಸಾಹೇಬರು ಇಂಥ ನೋಟಿಸುಗಳನ್ನು ಸಾವಿರಾರು ಬರೆದವರು, ಉತ್ತರ ಬರೆದವರಲ್ಲ. ಇಡೀ ದಿನ ನಾಲ್ಕು ಹಾಳೆ ಹರಿದರು. ಕೊನೆಗೆ ಒಂದೇ ಸಾಲು ಬರೆದು ಒಳಗೆ ಕಳಿಸಿದರು: 'ಸದರಿ ಒಂದು ಅಂಕವನ್ನು ನನ್ನ ಮಗಳಿಗೆ ಕೊಟ್ಟಿರುತ್ತೇನೆ.'

ಸಂಜೆಯೊಳಗೆ ಅದು ವಾಪಸು ಬಂತು. ಮೂಲೆಯಲ್ಲಿ ಹಸಿರು ಶಾಯಿ: 'ರಸೀದಿ ಲಗತ್ತಿಸಿಲ್ಲ.'

ಈಗ ಆ ಕಡತ ಮುಗಿದ ಕಡತಗಳ ಕಪಾಟಿನಲ್ಲಿದೆ. ಮೆಮೊ, ವಿವರಣೆ, ಅದರ ಹಿಂದೆ ಗುಂಡುಸೂಜಿಯಿಂದ ಚುಚ್ಚಿದ, ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿದೆ: 'ಅಪ್ಪನಿಂದ ಒಂದು ಅಂಕ ಮುಟ್ಟಿದೆ.' ಕೆಳಗೆ ಮಗಳ ಸಹಿ. ಸಹಿಯ ಪಕ್ಕದಲ್ಲಿ, ತೂಕ ಸರಿಯಿದ್ದರೆ ಮಾತ್ರ ಒತ್ತುವ ಕಚೇರಿಯ ಮುದ್ರೆ. ಅದನ್ನು ಒತ್ತಿದವರು ಯಾರೆಂದು ದೊಡ್ಡ ಸಾಹೇಬರು ಕೇಳಲಿಲ್ಲ.